ವಾಯಿದೆ ವಕೀಲರು ಶಾಸಕರಾದದ್ದು

ಮೊನ್ನೆ ಕಪಾಟಿನ ಬಾಗಿಲು ತೆಗೆದರೆ ನನ್ನ ಕರಿ ಕೋಟಿನ ಹೆಗಲ ಮೇಲೆಲ್ಲ ಬೂಷ್ಟು. ಕೊಪ್ಪದಲ್ಲಿ ವಕೀಲಿಕೆ ಮಾಡುವವರಿಗೆ ಇದೇನು ಹೊಸದಲ್ಲ. ಆಷಾಢದಲ್ಲಿ ಕೋರ್ಟಿಗೆ ಒಂದೆರಡು ದಿನ ರಜೆ ಬಂತೆಂದರೆ ಸಾಕು, ಕರಿ ಕೋಟು ಬೂದಿ ಬಣ್ಣಕ್ಕೆ ತಿರುಗುತ್ತದೆ. ಜಗಲಿಗೆ ತಂದು ಒದರಿದೆ. ಒದರಿದ ಕೂಡಲೇ ಬಂತಲ್ಲ ಆ ವಾಸನೆ... ಒದ್ದೆ ಬಟ್ಟೆಯದ್ದು, ಹಳೇ ಫೈಲಿನದ್ದು, ಜೊತೆಗೆ ಏನೋ ಸ್ವಲ್ಪ ಸುಟ್ಟ ಹಾಗೆ. ಸುಟ್ಟ ವಾಸನೆ ನನ್ನ ಕೋಟಿನಲ್ಲಿರುವುದಕ್ಕೆ ಕಾರಣವೇ ಇಲ್ಲ. ಅದು ನನ್ನ ಮೂಗಿನಲ್ಲೇ ಉಳಿದುಕೊಂಡದ್ದು. ಕೋಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಅದು ನನ್ನ ಸೀನಿಯರ್ ವಕೀಲರ ಆಫೀಸಿನ ವಾಸನೆ. ಮಳೆಗಾಲದಲ್ಲಿ ಅವರು ತಮ್ಮ ಕೋಟನ್ನು ಕುರ್ಚಿಗೆ ತೊಡಿಸಿ ಅದು ಒಣಗಲೆಂದು ಒಳಗೆ ದೊಡ್ಡದೊಂದು ಬಲ್ಬು ಉರಿಸಿಡುತ್ತಿದ್ದರು. ಹೊಸದಾಗಿ ಬಂದ ಕಕ್ಷಿದಾರರು ಕುರ್ಚಿಯಲ್ಲಿ ಯಾರೋ ಕೂತಿದ್ದಾರೆಂದು ಬಾಗಿಲಲ್ಲೇ ನಿಂತು ಕೈ ಮುಗಿಯುವುದಿತ್ತು. ಪಕ್ಕದ ಬೆಂಚಿನ ಮೇಲೆ ಕಾಲು ಮಡಚಿ ಕೂತ ಅಸಲಿ ವಕೀಲರು ‘ಅವ್ರು ಮಾತಾಡಲ್ಲ, ಇತ್ಲಾಗೆ ಬನ್ನಿ’ ಅನ್ನುತ್ತಿದ್ದರು. ಕರೆಂಟು ಹೋದ ದಿನ ಒದ್ದೆ ಕೋಟಿನಲ್ಲೇ ಜಡ್ಜರ ಮುಂದೆ ನಿಲ್ಲುತ್ತಿದ್ದರು. ಬಲ್ಬಿನ ಶಾಖಕ್ಕೆ ಕೋಟಿನ ಒಳಗಡೆ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿತ್ತು.

ನಾನು ಶಿವಮೊಗ್ಗದಲ್ಲಿ ಕಾನೂನು ಓದಿ ಬಂದು ಅವರ ಆಫೀಸು ಸೇರಿದ್ದು ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ. ಹೆಣ್ಣು ಜೂನಿಯರ್ ಅಂದರೆ ಆಗ ಕೋರ್ಟಿನ ಆವರಣದಲ್ಲಿ ಎಲ್ಲರೂ ಒಂದು ಸಲ ತಿರುಗಿ ನೋಡುತ್ತಿದ್ದ ಕಾಲ. ಇವರು ನೋಡಲೂ ಇಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದ ಮೊದಲ ಪ್ರಶ್ನೆ, ‘ಇಂಬಳಕ್ಕೆ ಹೆದರ್ತೀಯಾ ಮಾರಾಯ್ತಿ?’ ಹೆದರುವುದಿಲ್ಲ ಅಂದೆ. ಆವತ್ತೇ ಯಾರದೋ ಗಡಿ ಜಗಳದ ಜಾಗ ನೋಡಲು ಗದ್ದೆ ಬದುವಿನ ಮೇಲೆ ಕರೆದುಕೊಂಡು ಹೋದರು. ಸಂಜೆ ಮನೆಗೆ ಬಂದು ನೋಡಿದರೆ ನನ್ನ ಎರಡೂ ಕಾಲಲ್ಲಿ ಇಂಬಳ, ಅಂದರೆ ನಮ್ಮ ಕಾಡಿನ ಜಿಗಣೆ, ಕಚ್ಚಿದ ರಕ್ತ. ಅವರ ಕಾಲಿಗೆ ಒಂದೂ ಹತ್ತಿರಲಿಲ್ಲ. ಹವಾಯಿ ಚಪ್ಪಲಿಯಲ್ಲಿ ನಡೆಯುವವರ ಕಾಲಿಗೆ ಅದು ಯಾಕೆ ಹತ್ತುವುದಿಲ್ಲ ಅನ್ನುವುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವರ ಬಗ್ಗೆ ನನಗೆ ಹುಟ್ಟಿದ ಮೊದಲ ಕುತೂಹಲ ಇದೇ.

ಎರಡನೆಯದು ಅವರ ವಾಯಿದೆ. ಕೋರ್ಟಿನಲ್ಲಿ ಎಲ್ಲರೂ ಅವರನ್ನು ಹಿಂದಿನಿಂದ ‘ವಾಯಿದೆ ವಕೀಲರು’ ಅಂತಲೇ ಕರೆಯುತ್ತಿದ್ದರು. ಕೇಸು ಕರೆದ ಕೂಡಲೇ ಎದ್ದು ನಿಂತು, ಜಡ್ಜರು ಮುಂದಕ್ಕೆ ಬಗ್ಗಿ ಕೇಳಬೇಕಾದಷ್ಟು ಮೆತ್ತಗೆ, ಇನ್ನೊಂದು ತಾರೀಖು ಬೇಡುತ್ತಿದ್ದರು. ತಯಾರಿಯಿಲ್ಲದ ವಕೀಲರು ಹಾಗೆ ಮಾಡುವುದು ಎಲ್ಲ ಕಡೆ ಇದ್ದದ್ದೇ. ಇವರು ಎಲ್ಲ ತಯಾರಿ ಮಾಡಿಕೊಂಡು, ಗೆಲ್ಲುವ ಕೇಸಿನಲ್ಲೂ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ರಾತ್ರಿಯೆಲ್ಲ ಕೂತು ಟಿಪ್ಪಣಿ ಮಾಡಿಕೊಟ್ಟವಳು ನಾನಲ್ಲವೇ?

ಗುಟ್ಟು ತಿಳಿದದ್ದು ಕಿಗ್ಗದ ದಾಯಾದಿಗಳಿಬ್ಬರ ಕೇಸಿನಲ್ಲಿ. ಇಬ್ಬರ ತೋಟದ ನಡುವಿನ ಅಗಳು, ಅಂದರೆ ಗಡಿಗೆ ತೋಡಿದ ಕಂದಕ, ಯಾರಿಗೆ ಸೇರಿದ್ದು ಅನ್ನುವುದು ತಕರಾರು. ಕತ್ತಿ ತೋರಿಸುವವರೆಗೆ ಹೋಗಿತ್ತು. ಆದರೆ ಕಿಗ್ಗದಿಂದ ಶೃಂಗೇರಿ ಹಾದು ಹೊತ್ತಿಗೆ ಸರಿಯಾಗಿ ಕೊಪ್ಪ ಮುಟ್ಟಿಸುವ ಬಸ್ಸು ಬೆಳಿಗ್ಗೆ ಒಂದೇ. ವೈರಿಗಳಾದರೂ ಅದರಲ್ಲೇ ಬರಬೇಕು, ಅದರಲ್ಲೇ ಹೋಗಬೇಕು. ಮೊದಮೊದಲು ಒಬ್ಬ ಡ್ರೈವರ್ ಪಕ್ಕ, ಇನ್ನೊಬ್ಬ ಹಿಂದಿನ ಸೀಟು. ಆಮೇಲೆ ಒಂದು ದಿನ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತು ಇಬ್ಬರೂ ಇಳಿದು ತಳ್ಳಿದರಂತೆ. ಮತ್ತೊಂದು ತಾರೀಖಿಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಮಾತು. ಕೊನೆಗೊಂದು ದಿನ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಬನ್ಸ್ ತಿನ್ನುತ್ತಿದ್ದುದನ್ನು ವಕೀಲರು ನನಗೆ ಕಿಟಕಿಯಿಂದ ತೋರಿಸಿದರು. ‘ನೋಡು, ರಾಜಿ ಆಯ್ತು. ಇನ್ನು ಕಾಗದ ಬರಿ’ ಅಂದರು. ತೀರ್ಪು ಕೊಟ್ಟರೆ ಒಬ್ಬ ಗೆದ್ದು ಇನ್ನೊಬ್ಬ ಸೋತು ಇಬ್ಬರೂ ಅದೇ ಬಸ್ಸಿನಲ್ಲಿ ಮನೆಗೆ ಹೋಗಬೇಕಲ್ಲ, ಅದು ಅವರ ಚಿಂತೆಯಾಗಿತ್ತು.

ಇಂಥವರು ಚುನಾವಣೆಗೆ ನಿಂತರು ಅಂದರೆ ಯಾರು ನಂಬುತ್ತಾರೆ?

ಅದಕ್ಕೆ ನಮ್ಮ ಮನೆಯ ಕಥೆಯನ್ನೂ ಸ್ವಲ್ಪ ಹೇಳಬೇಕು. ನನ್ನ ಅಕ್ಕನನ್ನು ಕೊಟ್ಟದ್ದು ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಸೀತೂರಿನಿಂದ ಇನ್ನೂ ಒಳಗೆ, ಒಂದು ಹಳ್ಳದ ಆಚೆಗೆ. ಹಳ್ಳ ಅಂತ ಹೆಸರಿಗೆ ಹೇಳುವುದು. ಜೂನ್ ಕಳೆದ ಮೇಲೆ ಅದು ಹೊಳೆಯೇ. ಊರವರು ಮರದ ದಿಮ್ಮಿ ಹಾಕಿ ಕಟ್ಟಿದ ಸಂಕ ಮೊದಲ ದೊಡ್ಡ ಮಳೆಗೆ ತೇಲಿಹೋಗುತ್ತಿತ್ತು. ಅಲ್ಲಿಂದ ದಸರಾದವರೆಗೆ ಆಚೆಯವರು ಆಚೆ, ಈಚೆಯವರು ಈಚೆ. ಕಾಡಿನ ಸುತ್ತು ದಾರಿಯೊಂದಿತ್ತು, ಜೀಪು ಇದ್ದವರಿಗೆ, ಅದೂ ಮರ ಬೀಳದಿದ್ದರೆ. ನಮ್ಮ ಅಮ್ಮನಿಗೆ ಆ ನಾಲ್ಕು ತಿಂಗಳು ಮಗಳು ಸತ್ತಳೋ ಬದುಕಿದಳೋ ಅನ್ನುವ ಹಾಗೆ. ಮಗಳ ಮನೆಯಲ್ಲಿ ಒಂದು ಮಳೆಗಾಲ ಇದ್ದು ಬರಬೇಕು, ಕೆಸುವಿನ ಪತ್ರೊಡೆ ಮಾಡಿ ಹಾಕಬೇಕು ಅನ್ನುವುದು ಅವಳ ದೊಡ್ಡ ಆಸೆ. ಆಸೆ ಅಂದರೆ ಇಷ್ಟೇ, ನೋಡಿ.

ಅಕ್ಕನ ಊರವರು ಸೇತುವೆಗಾಗಿ ತಿರುಗದ ಕಚೇರಿಯಿಲ್ಲ. ಕಡೆಗೆ ಭಾವ ನಮ್ಮ ವಕೀಲರ ಹತ್ತಿರ ಬಂದರು. ಇವರು ಕೋರ್ಟಿಗೆ ಅರ್ಜಿ ಹಾಕಿದರು. ಅಪರೂಪಕ್ಕೆ ವಾಯಿದೆ ಕೇಳದೆ ವಾದ ಮಾಡಿದ ಕೇಸು ಅದು. ಜಡ್ಜರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, ಸೇತುವೆ ಎಲ್ಲಿ ಕಟ್ಟಬೇಕು, ಯಾವಾಗ ಕಟ್ಟಬೇಕು ಅನ್ನುವುದು ಸರ್ಕಾರ ತೀರ್ಮಾನಿಸುವ ವಿಷಯ, ತಾವು ಮಧ್ಯ ಬರುವ ಹಾಗಿಲ್ಲ ಅಂದರು. ವಕೀಲರು ತಲೆ ಬಾಗಿಸಿ ಹೊರಗೆ ಬಂದರು. ಮೆಟ್ಟಿಲಿಳಿಯುತ್ತ ನನ್ನನ್ನು ಕೇಳಿದರು, ‘ಅಲ್ಲ ಮಾರಾಯ್ತಿ, ಸರ್ಕಾರ ಅಂದ್ರೆ ಯಾರು? ಇಷ್ಟು ವರ್ಷ ಎದುರು ಪಾರ್ಟಿ ಅಂತ ಬರೀತಾ ಬಂದೆ, ಮುಖ ನೋಡಿಲ್ಲ.’

ಮರುವರ್ಷ ಅವರು ನಾಮಪತ್ರ ಹಾಕಿದರು. ಯಾವ ಪಕ್ಷದ್ದೂ ಅಲ್ಲ, ಪಕ್ಷೇತರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಜನ ತಲೆಗೊಂದು ಕಾರಣ ಹೇಳಿದರು. ಯಾರೋ ದೊಡ್ಡವರು ಓಟು ಒಡೆಯಲು ನಿಲ್ಲಿಸಿದ್ದಾರೆ ಅಂತ ಕೆಲವರು, ಮನೆಯವರ ಒತ್ತಾಯ ಅಂತ ಕೆಲವರು, ವಯಸ್ಸಿಗೆ ಬರುವ ಹುಚ್ಚು ಅಂತ ಕೋರ್ಟಿನ ಬಾರ್ ರೂಮಿನ ವಕೀಲರು. ಗುರುತು ಸಿಕ್ಕಿದ್ದು ಸೀಲಿಂಗ್ ಫ್ಯಾನು. ನಮ್ಮ ಕಡೆ ಫ್ಯಾನು ಯಾರಿಗೆ ಬೇಕು? ಕಂಬಳಿ ಗುರುತು ಕೊಟ್ಟಿದ್ದರೆ ಒಂದು ಅರ್ಥವಿತ್ತು. ಸಿರಿಮನೆಯಲ್ಲಿ ಒಬ್ಬ ಅಜ್ಜಿ ಕರಪತ್ರ ತಿರುಗಿಸಿ ನೋಡಿ ‘ಇದೆಂತದು, ಹೆಲಿಕಾಪ್ಟ್ರಾ?’ ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಭಾಷಣ ಅವರಿಗೆ ಬರುತ್ತಿರಲಿಲ್ಲ. ಮೈಕಿನಲ್ಲೂ ಜಡ್ಜರ ಮುಂದೆ ಮಾತಾಡಿದ ಹಾಗೆ ಮೆತ್ತಗೆ. ‘ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಅಂತ ಶುರು ಮಾಡಿದರೆ ಹಿಂದಿನವರು ಎದ್ದು ಟೀ ಕುಡಿಯಲು ಹೋಗುತ್ತಿದ್ದರು. ಆದರೂ ಗೆದ್ದರು. ದೊಡ್ಡ ಪಕ್ಷಗಳು ತಮ್ಮೊಳಗೇ ಕಿತ್ತಾಡಿಕೊಂಡವು. ಮತ್ತೆ ಮೂರೂ ತಾಲ್ಲೂಕಿನಲ್ಲಿ ಅವರು ರಾಜಿ ಮಾಡಿಸಿದ ಮನೆಗಳು ಎಷ್ಟಿದ್ದವು ಅನ್ನುವ ಅಂದಾಜು ಯಾರಿಗೂ ಇರಲಿಲ್ಲ. ಒಂದು ರಾಜಿಗೆ ಎರಡು ಮನೆಯ ಓಟು. ಗೆದ್ದವರ ಓಟು ಮಾತ್ರ ಸಿಗುವ ವಕೀಲರಾಗಿದ್ದರೆ ಸೋಲುತ್ತಿದ್ದರು.

ಅಮ್ಮ ಆವತ್ತು ಪಾಯಸ ಮಾಡಿದಳು. ಅವಳ ಲೆಕ್ಕದಲ್ಲಿ ಸಂಕ ಆದ ಹಾಗೆಯೇ.

ಶಾಸಕರಾದ ಮೇಲೂ ಅವರು ಕೂರುತ್ತಿದ್ದದ್ದು ಅದೇ ಆಫೀಸಿನ ಅದೇ ಬೆಂಚಿನ ಮೇಲೆ. ಕೇಸುಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಜನ ಮಾತ್ರ ಅವರ ಬಳಿಗೇ. ಬಂದವರ ಅಹವಾಲು ಮುಗಿಯುವವರೆಗೆ ಕೇಳಿ, ಕನ್ನಡಕ ತೆಗೆದು, ‘ಎದುರು ಪಾರ್ಟಿ ಯಾರು?’ ಅನ್ನುತ್ತಿದ್ದರು. ಮೂವತ್ತು ವರ್ಷದ ನಾಲಿಗೆ, ಬಿಡುವುದು ಹೇಗೆ? ಒಬ್ಬ ಮೇಷ್ಟ್ರು ಶೃಂಗೇರಿಗೆ ವರ್ಗ ಬೇಕು ಅಂತ ಬಂದರು. ಎದುರು ಪಾರ್ಟಿ ಯಾರು? ಮೇಷ್ಟ್ರು ತಬ್ಬಿಬ್ಬು. ‘ನೀವು ಅಲ್ಲಿಗೆ ಬಂದ್ರೆ ಅಲ್ಲಿರೋರು ಎಲ್ಲಿಗೆ ಹೋಗ್ಬೇಕು? ಅವ್ರನ್ನೂ ಕರ್ಕಂಡು ಬನ್ನಿ’ ಅಂದರು. ರಸ್ತೆ ಕೇಳಿದವರಿಗೆ ರಸ್ತೆ ಹೋಗುವ ಗದ್ದೆಯ ಯಜಮಾನನನ್ನು ಕರೆತರಲು ಹೇಳಿದರು. ಬಸ್ ನಿಲುಗಡೆ ಕೇಳಿದವರಿಗೆ ಈಗಿರುವ ನಿಲುಗಡೆಯ ಅಂಗಡಿಯವನನ್ನು. ನನಗೆ ಮೊದಲಿಗೆ ನಗು ಬಂತು, ಆಮೇಲೆ ಮೆಚ್ಚುಗೆ, ಆಮೇಲಾಮೇಲೆ ಹೆದರಿಕೆಯಾಯಿತು. ಇಬ್ಬರ ಮಾತನ್ನೂ ಕೇಳಿದ ಮೇಲೆ ಇಬ್ಬರದ್ದೂ ಸರಿ ಅನ್ನಿಸಿಬಿಡುತ್ತಿತ್ತು ಅವರಿಗೆ. ಮುಂದಿನ ಸೋಮವಾರ ಬನ್ನಿ ಅನ್ನುತ್ತಿದ್ದರು. ಜನ ಹೊರಗೆ ಹೋಗಿ ‘ಮತ್ತೆ ವಾಯಿದೆ’ ಅಂದುಕೊಳ್ಳುತ್ತಿದ್ದರು.

ವಿಧಾನಸಭೆಯಲ್ಲಿ ಏನು ಮಾಡುತ್ತಿದ್ದರೋ ಅನ್ನುವ ಕುತೂಹಲಕ್ಕೆ ನಾನೂ ಅಮ್ಮನೂ ವಾರ್ತೆಯ ಹೊತ್ತಿಗೆ ಟಿವಿ ಮುಂದೆ ಕೂರುತ್ತಿದ್ದೆವು. ಕಂಡದ್ದು ಒಂದೇ ಸಲ, ಕೂಗಾಡುತ್ತಿದ್ದ ಯಾರದೋ ಹಿಂದೆ, ಗಲ್ಲಕ್ಕೆ ಕೈ ಕೊಟ್ಟು. ‘ನಿಮ್ಮ ಸಾರು ಮಾತೇ ಆಡಲ್ವಲ್ಲೇ’ ಅಂದಳು ಅಮ್ಮ. ಒಮ್ಮೆ ಮಾತ್ರ ಹಳ್ಳಗಳಿಗೆ ಸೇತುವೆ ಬೇಕೆಂದು ಪ್ರಶ್ನೆ ಕೇಳಿದ್ದರಂತೆ. ಸಚಿವರು ಎದ್ದು ‘ಪರಿಶೀಲಿಸಲಾಗುವುದು’ ಅಂದರು. ಇವರು ಕೃತಜ್ಞತೆ ಹೇಳಿ ಕೂತರು. ಪಕ್ಕದ ಶಾಸಕರು ಗೊಳ್ಳೆಂದು ನಕ್ಕರಂತೆ. ಕೋರ್ಟಿನಲ್ಲಿ ಪೀಠದಿಂದ ಬಂದ ಮಾತು ಮಾತೇ. ಅಲ್ಲಿ ಹಾಗಲ್ಲ ಅಂತ ತಿಳಿಯಲು ಅವರಿಗೆ ಒಂದು ವರ್ಷ ಹಿಡಿಯಿತು. ತಿಳಿದ ಮೇಲೆ ಬಿಡಲಿಲ್ಲ. ಇಲಾಖೆಯಿಂದ ಇಲಾಖೆಗೆ ಹತ್ತಿ ಇಳಿದು, ಕಡೆಗೂ ಅಕ್ಕನ ಊರಿನ ಸೇತುವೆ ಮಂಜೂರು ಮಾಡಿಸಿಕೊಂಡೇ ಬಂದರು.

ನಿಜವಾದ ಕಥೆ ಶುರುವಾಗುವುದು ಇಲ್ಲಿಂದ. ಆ ಹಳ್ಳ ದಾಟುವ ಜಾಗ ಎರಡಿದ್ದವು. ಮೇಲೊಂದು, ಹೊನ್ನೆ ಮರದ ಬುಡದಲ್ಲಿ. ಕೆಳಗೊಂದು, ಶಾಲೆಯ ಹತ್ತಿರ. ಆಚೆ ದಡದಲ್ಲಿ ಮನೆಗಳೂ ಹಾಗೆಯೇ ಎರಡು ಗುಂಪು. ಮೇಲಿನವರಿಗೆ ಹೊನ್ನೆ ಮರದ ಹತ್ತಿರವೇ ಸೇತುವೆ ಬೇಕು, ಭಾವನ ಕಡೆಯ ಕೆಳಗಿನವರಿಗೆ ಶಾಲೆಯ ಹತ್ತಿರವೇ. ಇಂಜಿನಿಯರು ಎರಡೂ ಜಾಗ ನೋಡಿ, ಎರಡರಲ್ಲಿ ಎಲ್ಲಾದರೂ ಕಟ್ಟಬಹುದು, ಶಾಸಕರು ಎಲ್ಲಿ ಹೇಳುತ್ತಾರೋ ಅಲ್ಲಿ ಅಂದರು. ನಕ್ಷೆ ನಮ್ಮ ಆಫೀಸಿನ ಮೇಜಿನ ಮೇಲೆ ಬಂದು ಬಿತ್ತು. ಬೆರಳಿಟ್ಟು ‘ಇಲ್ಲಿ’ ಅಂದಿದ್ದರೆ ಮುಗಿಯುತ್ತಿತ್ತು. ಬೇರೆ ಯಾವ ಶಾಸಕರಾದರೂ ಓಟು ಹೆಚ್ಚಿರುವ ಕಡೆ ಬೆರಳಿಡುತ್ತಿದ್ದರು, ಇನ್ನೊಂದು ಕಡೆಯವರು ಬೈದುಕೊಂಡು ಸುಮ್ಮನಾಗುತ್ತಿದ್ದರು.

ಇವರು ಎರಡೂ ಕಡೆಯವರಿಗೆ ತಾರೀಖು ಕೊಟ್ಟರು.

ಸೀತೂರಿನ ಕಡೆಯಿಂದ ಭಾವನೂ ಮೇಲಿನ ಮನೆಯ ಯಜಮಾನರೂ ಬಂದರು. ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವಕೀಲರು ಇಬ್ಬರಿಗೂ ಕಾಫಿ ತರಿಸಿ, ಮಳೆ ಬೆಳೆ ವಿಚಾರಿಸಿ, ಮುಂದಿನ ತಿಂಗಳು ಬನ್ನಿ ಅಂದರು. ಮುಂದಿನ ತಿಂಗಳೂ ಅದೇ. ನಾನು ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ, ‘ಸಾರ್, ಇದು ಅಗಳಲ್ಲ, ಸೇತುವೆ. ಹೇಳ್ಬಿಡಿ ಒಂದು ಕಡೆ.’ ಅವರು ನಕ್ಷೆಯನ್ನು ಹಾಗೇ ಸುತ್ತಿ ಕಪಾಟಿನ ಮೇಲೆ ಇಟ್ಟರು. ‘ನಾ ಹೇಳಿದ್ರೆ ಅರ್ಧ ಊರು ಆ ಸೇತ್ವೆ ಮೇಲೆ ಉಗುಳ್ಕಂಡು ಓಡಾಡ್ತದೆ. ಅವ್ರೇ ಹೇಳ್ಲಿ ಮಾರಾಯ್ತಿ. ಇನ್ನೂ ಟೈಮಿದೆ’ ಅಂದರು.

ಟೈಮಿದೆ ಅಂತ ಅವರು ನಿಜವಾಗಿಯೂ ನಂಬಿದ್ದರು. ಐದು ವರ್ಷ ಅಂದರೆ ಐದು ವರ್ಷ ಅಂತ.

ಅಮ್ಮನಿಗೆ ಆ ಹೊತ್ತಿಗೆ ಮಂಡಿ ಹಿಡಿದು ನಡೆಯುವುದು ಕಷ್ಟವಾಗಿತ್ತು. ನಾನು ಕೋರ್ಟಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೇಳುತ್ತಿದ್ದಳು, ‘ಸಂಕ ಎಂತಾಯ್ತೇ?’ ಆಯ್ತದೆ ಅಮ್ಮ ಅನ್ನುತ್ತಿದ್ದೆ. ‘ನಡುವೆ ಒಂದು ಕೈಹಿಡಿ ಹಾಕ್ಸಕ್ಕೆ ಹೇಳು, ನಂಗೆ ಹಿಡ್ಕಣಕ್ಕೆ ಬೇಕು’ ಅನ್ನುತ್ತಿದ್ದಳು. ಸಿಮೆಂಟಿನ ಸೇತುವೆಗೆ ಕಟ್ಟೆಯೇ ಇರುತ್ತದೆ ಅಂತ ಎಷ್ಟು ಸಲ ಹೇಳಿದರೂ ಅವಳ ಕಣ್ಣ ಮುಂದೆ ಇದ್ದದ್ದು ಆ ದಿಮ್ಮಿಯ ಸಂಕವೇ.

ವಾಯಿದೆ ಕೆಲಸ ಮಾಡಿತು, ಅದನ್ನೂ ಹೇಳಬೇಕು. ಎರಡು ಬೇಸಿಗೆ ಕಳೆಯುವ ಹೊತ್ತಿಗೆ ಭಾವನೂ ಮೇಲಿನ ಮನೆಯ ಯಜಮಾನರೂ ಒಬ್ಬರಿಗೊಬ್ಬರು ಬಸ್ಸಿನಲ್ಲಿ ಸೀಟು ಹಿಡಿಯುವಷ್ಟಾದರು. ಯಜಮಾನರ ಮನೆಯ ಏಲಕ್ಕಿ ಸಸಿ ಅಕ್ಕನ ತೋಟಕ್ಕೆ ಬಂತು. ಒಂದು ಸೋಮವಾರ ಇಬ್ಬರೂ ನಗುತ್ತ ಆಫೀಸಿಗೆ ಬಂದರು. ಮಾತಾಡಿದ್ದು ಮೇಲಿನ ಮನೆಯವರೇ: ‘ಶಾಲೆ ಹತ್ರನೇ ಆಗ್ಲಿ ವಕೀಲ್ರೇ. ಮಕ್ಳು ಓಡಾಡ್ತವೆ. ನಮ್ಗೆ ನಾಕು ಹೆಜ್ಜೆ ಹೆಚ್ಚಾಯ್ತದೆ, ಅಷ್ಟೇ ಅಲ್ವಾ.’ ವಕೀಲರ ಮುಖ ಆವತ್ತು ನೋಡಬೇಕಿತ್ತು. ಗೆದ್ದ ದಿನವೂ ಹಾಗಿರಲಿಲ್ಲ. ನಕ್ಷೆ ಇಳಿಸಿ, ಧೂಳು ಒರೆಸಿ, ಶಾಲೆಯ ಹತ್ತಿರ ಇಬ್ಬರ ಕೈಯಲ್ಲೂ ಗುರುತು ಹಾಕಿಸಿದರು. ಗುದ್ದಲಿ ಪೂಜೆಗೆ ದಿನ ನೋಡಿದರು. ಗುದ್ದಲಿ ತಾವು ಹಿಡಿಯುವುದಿಲ್ಲ, ನೀವಿಬ್ಬರೂ ಹಿಡಿಯಬೇಕು ಅಂದರು.

ಆ ದಿನ ಬರುವ ಮೊದಲೇ ಬೆಂಗಳೂರಿನಲ್ಲಿ ಸರ್ಕಾರ ಬಿತ್ತು. ವಿಧಾನಸಭೆ ವಿಸರ್ಜನೆಯಾಯಿತು. ರೇಡಿಯೋದಲ್ಲಿ ಸುದ್ದಿ ಕೇಳಿದ ನಮ್ಮ ಟೈಪಿಸ್ಟು ಓಡಿ ಬಂದು ಹೇಳಿದಾಗ ವಕೀಲರು ‘ಇಲ್ಲ, ಇನ್ನೂ ಅವಧಿ ಇದೆಯಲ್ಲ’ ಅಂದರು. ಬೆಂಗಳೂರಿಗೆ ಓಡಿದರು. ಗುರುತು ಹಾಕಿದ ನಕ್ಷೆ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಮಾಜಿ ಶಾಸಕರು, ಅದರಲ್ಲೂ ಪಕ್ಷೇತರರು, ಕೇಳುವವರು ಯಾರು? ಆಮೇಲೆ ನೀತಿ ಸಂಹಿತೆ ಬಂತು. ಫೈಲು ಎಲ್ಲಿತ್ತೋ ಅಲ್ಲೇ ಉಳಿಯಿತು.

ಚುನಾವಣೆಯಲ್ಲಿ ಸೋತರು. ರಾಜಿ ಮಾಡಿಸಿದ ಮನೆಗಳು ಅವರನ್ನು ಬಿಟ್ಟವು ಅಂತ ನನಗನ್ನಿಸುವುದಿಲ್ಲ. ಆದರೆ ಕಾಯಿಸಿಕೊಂಡ ಮನೆಗಳು ಅದಕ್ಕಿಂತ ಹೆಚ್ಚಾಗಿಬಿಟ್ಟಿದ್ದವು.

ಆ ಮಳೆಗಾಲದಲ್ಲೇ ಅಮ್ಮ ಹೋದಳು. ಒಂದು ವಾರ ಜ್ವರ, ಅಷ್ಟೇ. ಬೆಳಿಗ್ಗೆ ಕಾಫಿ ಕೊಡಲು ಹೋದರೆ... ಅಕ್ಕನ ಮನೆಗೆ ಫೋನು ಮಾಡಿದರೆ ಲೈನಿಲ್ಲ, ಎಲ್ಲೋ ಕಂಬ ಬಿದ್ದಿತ್ತು. ಸೀತೂರಿನ ಪರಿಚಯದವರೊಬ್ಬರು ಹಳ್ಳದ ಈಚೆ ದಡಕ್ಕೆ ಹೋಗಿ ನಿಂತು ಆಚೆಗೆ ಕೂಗಿ ಹೇಳಿದರು. ನೀರಿನ ಸದ್ದಿನಲ್ಲಿ ಅಕ್ಕನಿಗೆ ಕೇಳಿದ್ದು ‘ಅಮ್ಮ’ ಅನ್ನುವುದೊಂದೇ. ಉಳಿದದ್ದು ಕೇಳಲಿಲ್ಲ. ಕೇಳುವುದು ಬೇಕಿರಲಿಲ್ಲ ಅಂತ ಆಮೇಲೆ ಹೇಳಿದಳು. ಮೇಲಿನ ಮನೆಯ ಯಜಮಾನರೇ ಜೀಪು ತೆಗೆದು ಕಾಡಿನ ಸುತ್ತು ದಾರಿಯಲ್ಲಿ ಹೊರಟರು. ದಾರಿಗೆ ಮರ ಬಿದ್ದಿತ್ತು. ಕಡಿದು ಬಿಡಿಸಿಕೊಂಡು ಬರುವ ಹೊತ್ತಿಗೆ ಇಲ್ಲಿ ಹಿರಿಯರು, ಮಳೆ ಬಿಟ್ಟಿರುವಾಗಲೇ ಮುಗಿಸಬೇಕು ಅಂದಿದ್ದರು. ಅಕ್ಕ ಅಂಗಳಕ್ಕೆ ಕಾಲಿಟ್ಟಾಗ ನಾವು ಸ್ನಾನ ಮಾಡಿ ಕೂತಿದ್ದೆವು.

ವಕೀಲರು ಬೆಳಿಗ್ಗೆಯಿಂದ ನಮ್ಮ ಮನೆಯಲ್ಲೇ ಇದ್ದರು. ಸ್ಮಶಾನಕ್ಕೂ ಬಂದಿದ್ದರು. ಅಕ್ಕನನ್ನು ಕಂಡು ಜಗಲಿಯಿಂದ ಎದ್ದು ನಿಂತರು. ಅವಳ ಸೀರೆ ಮೊಣಕಾಲವರೆಗೆ ಕೆಸರು. ಅವಳು ಅಳಲಿಲ್ಲ. ಅವರೆದುರು ನಿಂತು, ಬಹಳ ಮರ್ಯಾದೆಯಿಂದಲೇ ಕೇಳಿದಳು, ‘ವಕೀಲ್ರೇ, ನಂಗೆ ಕಾನೂನು ಗೊತ್ತಿಲ್ಲ, ನೀವೇ ಹೇಳಿ. ಇದ್ರಲ್ಲಿ ನನ್ನ ಎದುರು ಪಾರ್ಟಿ ಯಾರು?’

ಮಳೆ ಮತ್ತೆ ಶುರುವಾಗಿತ್ತು. ವಕೀಲರು ಮೆಟ್ಟಿಲಿಗೆ ಬಂದು ಹವಾಯಿ ಚಪ್ಪಲಿ ಮೆಟ್ಟಿಕೊಂಡರು. ಜಗಲಿಯ ಮೂಲೆಯಲ್ಲಿದ್ದ ಕೊಡೆ ಮರೆತು ಹಾಗೇ ಇಳಿದು ಹೋದರು. ಅವರ ಕೊಡೆಯನ್ನು ಮರುವಾರ ನಾನೇ ಆಫೀಸಿಗೆ ಒಯ್ದೆ.

ಮತ್ತೆ ಕೋರ್ಟಿಗೆ ಬಂದರು. ಬೆಂಚು ಅದೇ, ಬಲ್ಬು ಅದೇ. ಆದರೆ ಅವರು ವಾಯಿದೆ ಕೇಳುವುದನ್ನು ಬಿಟ್ಟುಬಿಟ್ಟಿದ್ದರು. ಕೇಸು ಕರೆದರೆ ‘ತಯಾರಿದೀನಿ’ ಅನ್ನುವರು. ಕೆಲವು ಗೆದ್ದರು, ಕೆಲವು ಸೋತರು, ಬೇರೆ ವಕೀಲರ ಹಾಗೆ. ರಾಜಿಗಾಗಿ ಅವರನ್ನೇ ಹುಡುಕಿ ಬಂದ ಹಳೇ ಕಕ್ಷಿದಾರರಿಗೆ ಇದೇನಾಯಿತು ಅಂತ ತಿಳಿಯಲಿಲ್ಲ. ನನಗೂ ಕುತೂಹಲ ತಡೆಯಲಿಲ್ಲ. ಒಂದು ಮಧ್ಯಾಹ್ನ ಕೇಳಿದೆ. ಕನ್ನಡಕ ತೆಗೆದು ಹೇಳಿದರು: ‘ಕೋರ್ಟಲ್ಲಿ ವಾಯಿದೆ ಕೇಳೋನು ನಾನು, ಕೊಡೋದು ಬೇಕಾ ಬೇಡ್ವಾ ಅಂತ ನೋಡಕ್ಕೆ ಮೇಲೊಬ್ರು ಜಡ್ಜಿದ್ರು. ಶಾಸಕ ಆದ್ಮೇಲೆ ಕೊಡೋನೂ ನಾನೇ ಆದೆ. ಅದು ನಂಗೆ ಹೊಳೀಲೇ ಇಲ್ಲ ಮಾರಾಯ್ತಿ.’ ಅಷ್ಟು ಹೇಳಿ ಫೈಲು ತೆರೆದರು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಬಂದವರ ಕಾಲದಲ್ಲಿ ಸೇತುವೆ ಆಯಿತು. ಶಾಲೆಯ ಹತ್ತಿರವೇ, ಇಬ್ಬರೂ ಗುರುತು ಹಾಕಿದ ಜಾಗದಲ್ಲೇ. ಕಲ್ಲಿನ ಮೇಲೆ ಬೇರೆಯವರ ಹೆಸರಿದೆ, ಅದು ಸಹಜವೇ. ಉದ್ಘಾಟನೆಗೆ ಭಾವ ಬಂದು ಕರೆದರೆ ವಕೀಲರು ಹೋಗಲಿಲ್ಲ. ನಾನು ಕರೆದಾಗಲೂ ಇನ್ನೊಂದು ದಿನ ಹೋಗೋಣ ಅಂದರು.

ಕೆಲವು ವರ್ಷ ಕಳೆದು ಅವರು ಜ್ವರ ಬಂದು ಹಾಸಿಗೆ ಹಿಡಿದರು. ಶ್ರಾವಣದ ಒಂದು ದಿನ, ಹೊರಗೆ ಕಣ್ಣು ಬಿಡಲಾಗದಂಥ ಮಳೆ, ನಾನು ಅವರ ಮನೆಯಲ್ಲಿದ್ದೆ. ಬಾಗಿಲಲ್ಲಿ ಅಕ್ಕ. ಆ ಜಗಲಿಯ ಮಾತಾದ ಮೇಲೆ ಅವಳು ಅವರ ಮುಖ ನೋಡಿರಲಿಲ್ಲ. ನಾನು ಕೂತಲ್ಲಿಂದ ಎದ್ದು ನಿಂತೆ. ಅವಳ ಕೈಯಲ್ಲಿ ಮಗಳ ಮದುವೆಯ ಕರೆಯೋಲೆ ಇತ್ತು. ವರ ಮೇಲಿನ ಮನೆಯ ಯಜಮಾನರ ಮಗ.

ವಕೀಲರು ದಿಂಬಿಗೆ ಒರಗಿ ಅವಳನ್ನೇ ನೋಡಿದರು. ಓಲೆಯ ಕಡೆ ನೋಡಲೇ ಇಲ್ಲ. ‘ಈ ಮಳೇಲಿ ಹೆಂಗೆ ಬಂದ್ರಿ?’ ಅಂದರು.

‘ಸೇತ್ವೆ ಮೇಲೆ ಬಂದೆ ವಕೀಲ್ರೇ. ಮನೆ ಬಿಟ್ಟಿದ್ದು ಈಗ ತಿಂಡಿ ಆದ್ಮೇಲೆ’ ಅಂದಳು ಅಕ್ಕ.

ಅವರು ಕಣ್ಣು ಮುಚ್ಚಿಕೊಂಡರು. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಅಕ್ಕ ಮಂಚದ ಪಕ್ಕ ಕೂತು, ಮದುವೆಗೆ ಏನೇನು ಅಡುಗೆ ಅಂತ ಒಂದೊಂದಾಗಿ ಹೇಳತೊಡಗಿದಳು. ಅವಳು ಕ್ಷಮಿಸಿದಳೋ ಇಲ್ಲವೋ ನಾನು ಕೇಳಿಲ್ಲ. ಮದುವೆಯ ಹೊತ್ತಿಗೆ ಅವರು ಇರಲಿಲ್ಲ.

ಆ ಮದುವೆಯಾಗಿ ಬಹಳ ವರ್ಷವಾಯಿತು. ಅಕ್ಕನ ಮಗಳು ಈಗ ಆ ಸೇತುವೆಯ ಮೇಲೆ ಸ್ಕೂಟಿಯಲ್ಲಿ ಪೇಟೆಗೂ ನಮ್ಮ ಮನೆಗೂ ಬೇಕೆಂದಾಗ ಓಡಾಡುತ್ತಾಳೆ. ಅವಳನ್ನು ನೋಡಿದಾಗೆಲ್ಲ ನನ್ನ ತಲೆಯಲ್ಲಿ ಅದೇ ಹುಳ. ವಕೀಲರು ಮೊದಲ ದಿನವೇ ನಕ್ಷೆಯ ಮೇಲೆ ಬೆರಳಿಟ್ಟಿದ್ದರೆ ಅಮ್ಮ ಮಗಳ ಮನೆಯ ಮಳೆಗಾಲ ನೋಡುತ್ತಿದ್ದಳು. ಈ ಮದುವೆ ಮಾತ್ರ ಆಗುತ್ತಿರಲಿಲ್ಲ, ಎರಡು ಮನೆಯವರು ಮುಖ ತಿರುಗಿಸಿಕೊಂಡು ಅದೇ ಸೇತುವೆ ದಾಟುತ್ತಿದ್ದರು. ಇದು ಅವರಿಗೆ ಗೊತ್ತಿದ್ದರೆ ಆಗ ಏನು ಮಾಡುತ್ತಿದ್ದರು? ಬೆರಳಿಡುತ್ತಿದ್ದರೋ, ತಾರೀಖು ಕೊಡುತ್ತಿದ್ದರೋ... ಆ ದಿನ ಮಂಚದ ಪಕ್ಕ ನಿಂತಾಗಲೇ ಕೇಳಬಹುದಿತ್ತು. ಜ್ವರ ಇಳಿಯಲಿ, ಆಮೇಲೆ ಕೇಳಿದರಾಯಿತು ಅಂದುಕೊಂಡೆ. ಈಗ ಕೇಳೋಣ ಅಂದರೆ ಅವರಿಲ್ಲ.